ಯಂತ್ರ ಓದದ ಸಾಲು

ಮೂರು ದಿನ ಹಿಂಬದಿ ಕಟ್ಟಡದ ಸೂರಿನ ಮೇಲೆ ಕೇಬಲ್ ಎಳೆದು, ಕತ್ತಿನ ಚರ್ಮ ಸುಟ್ಟುಕೊಂಡು, ಗುರುವಾರ ಬೆಳಿಗ್ಗೆ ವೈರು ಅನ್ನುವ ಅಡ್ಡಹೆಸರಿನ ಅವನು ಮೆಟ್ಟಿಲು ಹತ್ತುವಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತಾನು ಒಳಗೆ ಕಾಲಿಟ್ಟ ಕೂಡಲೇ ಹದ್ದು ಅಂತ ಎಲ್ಲರೂ ಕರೆಯುವ ಮೇಡಂ ತಲೆಯೆತ್ತುತ್ತಾಳೆ. ಎಡಗಡೆಯ ಹುಬ್ಬು ಒಂದಿಷ್ಟು ಮೇಲೇರುತ್ತದೆ. "ಇದು ನಿಮ್ಮ ಕೆಲಸಾನಾ?" ಅನ್ನುತ್ತಾಳೆ. ಆಗ ತಾನು ಏನೂ ಅರಿಯದವನಂತೆ ಸ್ಕ್ರೂಡ್ರೈವರ್ ತಿರುಗಿಸುತ್ತ ನಿಲ್ಲಬೇಕು. ಈ ನಾಟಕವನ್ನು ಅವನು ಸೂರಿನ ಮೇಲೆ ಮೂವತ್ತು ಸಲ ಆಡಿ ನೋಡಿಕೊಂಡಿದ್ದ.

ಹದ್ದು ತಲೆಯೆತ್ತಲಿಲ್ಲ.

ಕಪ್ಪು ಪರದೆಯ ಮುಂದೆ ಕೂತಿದ್ದಳು. ಬಲಗೈ ಬ್ಯಾಂಡೇಜು ಸುತ್ತಿಕೊಂಡು ಮೇಜಿನ ಮೇಲೆ ಬಿದ್ದಿತ್ತು. ಎಡಗೈಯ ಬೆರಳೊಂದು ಕೀಬೋರ್ಡ್ ಮೇಲೆ ಇಳಿದು, ಒತ್ತಿ, ಬಿಸಿ ಬಾಣಲೆ ಮುಟ್ಟಿದ ಹಾಗೆ ಸರ್ರನೆ ಹಿಂದೆ ಬರುತ್ತಿತ್ತು. ಪಕ್ಕದ ಹಾಳೆಯಲ್ಲಿ ಪೆನ್ಸಿಲ್ಲಿನ ಗೀಟುಗಳು. ಒತ್ತುವುದು, ನೋಡುವುದು, ಗೀಟು ಹಾಕುವುದು.

"ಏನ್ ಮೇಡಂ, ಮೂರು ದಿನ ನಾನಿಲ್ದೆ ಬೇಜಾರಾಯ್ತಾ?"

"ಇವತ್ತು ಯಾವ ವಾರ?" ಅಂದಳು.

"ಗುರುವಾರ."

ಅವಳು ಹಾಳೆಯ ಮೂಲೆ ನೋಡಿದಳು. ಅಲ್ಲಿ ಮೊದಲೇ ಬರೆದುಕೊಂಡಿದ್ದ 'ಗುರುವಾರ'ದ ಪಕ್ಕ ಒಂದು ಸರಿ ಗುರುತು ಹಾಕಿದಳು. ತಮಾಷೆಯಲ್ಲ. ವೈರು ತಿರುಗಿ ಮೆಟ್ಟಿಲಿಳಿದ.

ಅದು ಔಷಧಿಗಳನ್ನಿಡುವ ಶೀತಲ ಗೋದಾಮು. ಹದಿನಾಲ್ಕು ತಣ್ಣನೆಯ ಕೋಣೆಗಳು. ಪ್ರತಿ ಕೋಣೆಯೂ ನಿಮಿಷಕ್ಕೊಂದು ಸಾಲಿನಂತೆ ತನ್ನ ಉಷ್ಣಾಂಶವನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತದೆ. ಲಾಗ್ ಅನ್ನುವ ಆ ದಾಖಲೆಯನ್ನು ಕಪ್ಪು ಪರದೆಯಲ್ಲಿ ತೆರೆದು, ಸಾಲುಸಾಲಾಗಿ ಓದಿ, ಸಹಿ ಹಾಕುವುದು ಅವಳ ಕೆಲಸ. ಅವಳ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿಲ್ಲ. ಅರ್ಧ ಡಿಗ್ರಿ ಏರಿದ್ದನ್ನೂ ಸಾವಿರ ಸಾಲಿನ ಮಧ್ಯದಿಂದ ಹೆಕ್ಕಿ ತೆಗೆಯುವವಳು ಅಂತಲೇ ಎಲ್ಲರೂ ಅವಳಿಗೆ ಹದ್ದು ಅನ್ನುತ್ತಿದ್ದರು. ಅವಳಿಗೂ ಆ ಹೆಸರು ಇಷ್ಟವಿತ್ತು.

ವೈರು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರು ಅವನ ನೋಟ್ ಬುಕ್ಕನ್ನು ಕಿಟಕಿಯಿಂದ ಆಚೆ ಎಸೆದರು, ಅದನ್ನು ತರಲು ಹೋದವನು ವಾಪಸ್ಸು ಬರಲೇ ಇಲ್ಲ. ಕಂಪ್ಯೂಟರನ್ನು ಬಿಚ್ಚಿ, ಕೆಡಿಸಿ, ಬೈಸಿಕೊಂಡು, ಮತ್ತೆ ಜೋಡಿಸಿ ಕಲಿತ. ಸರ್ಟಿಫಿಕೇಟ್ ಇದ್ದವರಿಗೆ ತಿರುಗುವ ಕುರ್ಚಿ, ಇವನಿಗೆ ಏಣಿ. ಕುರ್ಚಿಯವರು ಕೆಡಿಸಿದ್ದನ್ನು ಏಣಿಯವನು ಸರಿಮಾಡಬೇಕು, ಹೆಸರು ಮಾತ್ರ ಕುರ್ಚಿಗೆ. ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೇ ಎರಡು ಕಡೆ ಕೆಲಸ ಹೋಗಿತ್ತು. ಇಲ್ಲೂ ಹೋಗುತ್ತಿತ್ತೇನೋ. ಒಂದು ದಿನ ಇಂಜಿನಿಯರೊಬ್ಬ ಸರ್ವರ್ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಹದ್ದು ಎಲ್ಲರೆದುರಿಗೇ, "ಅವರನ್ನ ಕೇಳಿ, ಅವರಿಗೆ ಗೊತ್ತು" ಅಂದು ಏಣಿಯ ಕಡೆ ಕೈ ತೋರಿಸಿದ್ದಳು. ಹುಟ್ಟಿದಾಗಿನಿಂದ ಅವನನ್ನು ಯಾರೂ 'ಅವರು' ಅಂದಿರಲಿಲ್ಲ. ಆ ಒಂದು ಮಾತನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಎಂಟು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಮೂರು ವಾರದ ಹಿಂದೆ ಮನೆಯ ಮೆಟ್ಟಿಲಲ್ಲಿ ತನ್ನ ಅಮ್ಮನನ್ನು ಹಿಡಿಯಲು ಹೋಗಿ ಹದ್ದು ಬಿದ್ದಳು. ಬಲಗೈಯ ಎರಡು ಬೆರಳಿಗೆ ಸ್ಪರ್ಶವೇ ಇಲ್ಲ. ಪುಟ ಸರಿಸುವ ಕೀಗಳೆಲ್ಲ ಕೀಬೋರ್ಡಿನ ಬಲಗಡೆ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸದೆ ದೀಪಕ್ಕೆ ಕೈಚಾಚುವವರ ಹಾಗೆ, ಎಡಗೈಯನ್ನು ಬ್ಯಾಂಡೇಜಿನ ಮೇಲಿಂದ ದಾಟಿಸಿ ಆ ಕೀಗಳಿಗೆ ಚಾಚುತ್ತಿದ್ದಳು. ಏಣಿಯ ಮೇಲಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಅವಳು ತುಟಿ ಕಚ್ಚಿದಾಗಲೆಲ್ಲ ಇವನ ಕೈಯಿಂದ ಸ್ಕ್ರೂ ಜಾರುತ್ತಿತ್ತು.

ಲಾಗ್ ಓದುವ ಆ ಸಣ್ಣ ಪ್ರೋಗ್ರಾಮಿಗೆ ಒಂದು ಗುಣವಿದೆ. ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ಇರುತ್ತದೆ, ಅದರೊಳಗೆ ಒಂದು ಪುಟ್ಟ ಕಡತ ಬರೆದಿಟ್ಟರೆ ಸಾಕು, ಅವರ ಹೆಸರಲ್ಲಿ ಲಾಗಿನ್ ಆದಾಗ ಯಾವ ಕೀ ಒತ್ತಿದರೆ ಏನಾಗಬೇಕು ಅನ್ನುವುದನ್ನು ನಾವೇ ತೀರ್ಮಾನಿಸಬಹುದು. ಸೋಮವಾರ ಬೆಳಿಗ್ಗೆ ಯಾರೂ ಬರುವ ಮೊದಲು, ಏಳು ಗಂಟೆ ಹತ್ತು ನಿಮಿಷಕ್ಕೆ, ವೈರು ಹದ್ದುವಿನ ಫೋಲ್ಡರಿನೊಳಗೆ ಹೋಗಿ ಎಂಟು ಸಾಲು ಬರೆದ. ಎಲ್ಲ ಕೀಗಳೂ ಎಡಗೈಯ ಅಡಿಯಲ್ಲಿ. ತೋರುಬೆರಳಿನ 'ಎಫ್' ಒತ್ತಿದರೆ ಮುಂದಕ್ಕೆ, ಮಧ್ಯದ ಬೆರಳಿನ 'ಡಿ' ಒತ್ತಿದರೆ ಹಿಂದಕ್ಕೆ. ಅವಳಿಗೆ ಹೇಳಲಿಲ್ಲ. ಮುಖ ನೋಡುವ ಆಸೆ. ಒಂಬತ್ತಕ್ಕೆ ಅವಳು ಬರುವ ಮೊದಲೇ ಸಾಹೇಬರು ಅವನನ್ನು ಹಿಂಬದಿ ಕಟ್ಟಡಕ್ಕೆ ಅಟ್ಟಿದರು.

"ಬಂದ್ಯಾ ಸೂರಿನ ಶೂರ?" ಕೆಳಗಿನ ಮಹಡಿಯ ಸ್ಟೋರಿನ ಕಿಟಕಿಯಿಂದ ಕೂಗಿದ್ದು ಸ್ಟೋರಕ್ಕ. ಸರ್ವರ್ ಕೋಣೆಯದೊಂದು ಬಿಟ್ಟು ಗೋದಾಮಿನ ಬೀಗದ ಕೈಗಳೂ ಎಲ್ಲರ ಮನೆಯ ಗುಟ್ಟುಗಳೂ ಇರುವುದು ಅವಳ ಸೊಂಟದಲ್ಲೇ.

"ಅಕ್ಕಾ, ಹದ್ದುಗೆ ಏನಾಗಿದೆ?"

"ಮೆತ್ತಗೆ ಮಾತಾಡೋ. ಕೆಲಸ ಬಿಡ್ತಾಳೆ ಕಣೋ. ಕಾಗದ ಬರೆದು ಬ್ಯಾಗಲ್ಲಿ ಇಟ್ಕೊಂಡಿದಾಳೆ. ನಾಲ್ಕು ಗಂಟೆಗೆ ಸಾಹೇಬ್ರು ಬರ್ತಾರಲ್ಲ, ಕೊಡ್ತಾಳಂತೆ."

"ಯಾಕೆ? ಕೈ ನೋವಿಗಾ?"

"ಕೈ ಆಗಿದ್ರೆ ವಾಸಿ ಆಗ್ತಿತ್ತು. ತಲೆ ಕಣೋ, ತಲೆ. ಸೋಮವಾರದಿಂದ ಓದಿದ್ದನ್ನೇ ಓದ್ತಿದಾಳೆ. ಮುಂದಿನ ಪುಟ ಅಂತ ಒತ್ತಿದ್ರೆ ಆಗ್ಲೇ ಓದಿ ಮುಗಿಸಿದ ಸಾಲು ಕಣ್ಣ ಮುಂದೆ ಬಂದು ಕೂರುತ್ತಂತೆ. ಇಂಥ ಕೀನೇ ಒತ್ತಿದೆ ಅಂತ ಅವಳು ಅಂದ್ಕೊಳ್ತಾಳೆ, ಬೆರಳು ಇನ್ನೆಲ್ಲೋ ಹೋಗಿರುತ್ತೆ."

ವೈರು ಕಿಟಕಿಗೆ ಇನ್ನೂ ಹತ್ತಿರ ಬಂದ. "ಮುಂದಕ್ಕೆ ಹೋಗಕ್ಕೆ ಯಾವ ಕೀ ಒತ್ತಾರೆ ಅವರು?"

"ಡಿ ಅಂತೆ. ಬಲಗಡೆ ಚಾಚಿ ಚಾಚಿ ಸಾಕಾಗಿ, ಹೋದ ಶನಿವಾರ ಸಂಜೆ ತಾನೇ ಹೆಲ್ಪ್ ಎಲ್ಲ ಓದಿ ಎಡಗೈಗೆ ಸಿಗೋದು ಅಂತ ಅದನ್ನ ಹುಡುಕ್ಕೊಂಡಿದ್ಲು. ಎಷ್ಟು ಖುಷಿಯಾಗಿದ್ಲು ಪಾಪ."

ಆ ಪ್ರೋಗ್ರಾಮಿನ ನಿಯಮವೇ ಅದು. ಮೊದಲಿನಿಂದಲೂ 'ಡಿ' ಒತ್ತಿದರೆ ಪುಟ ಮುಂದಕ್ಕೇ ಹೋಗುವುದು. ಯಾರ ಹಂಗಿಲ್ಲದೆ ಅವಳು ತನ್ನ ಕೈಗೆ ತಾನೇ ಒಂದು ದಾರಿ ಮಾಡಿಕೊಂಡಿದ್ದಳು. ಇವನು ಹೋಗಿ ಅದೇ ದಾರಿಯನ್ನು ತಿರುಗಿಸಿ ಇಟ್ಟಿದ್ದ.

"ಮಿಷಿನ್ ಕೆಟ್ಟಿರಬಹುದು ಅಂತ ಯಾರೂ ನೋಡಲಿಲ್ವಾ?"

"ನೋಡ್ದೆ ಇರ್ತೀವಾ? ನಾನೇ ಅವಳ ಕುರ್ಚೀಲಿ ಕೂತು, ನನ್ನ ಹೆಸರಲ್ಲಿ ಲಾಗಿನ್ ಆಗಿ ಒತ್ತಿದೆ. ನೀಟಾಗಿ ಮುಂದೆ ಹೋಯ್ತು. ಪ್ಯಾಕಿಂಗಿನವರೂ ಒತ್ತಿದ್ರು. ಎಲ್ಲರ ಕೈಗೂ ಸರಿ, ಅವಳ ಕೈಗೆ ಮಾತ್ರ ಉಲ್ಟಾ. ಬಿಳಚಿಕೊಂಡುಬಿಟ್ಲು. ಅವರಮ್ಮನ ಕಥೆ ಗೊತ್ತಲ್ಲ ನಿಂಗೆ?"

"ಇಲ್ಲ."

"ಐವತ್ತು ತುಂಬೋಕೆ ಮುಂಚೆ ಮರೆವು ಶುರುವಾಯ್ತು. ಮೊದಲು ಬೀಗದ ಕೈ. ಉಲ್ಟಾ ತಿರುಗಿಸಿ, ಸರಿಯಾಗೇ ತಿರುಗಿಸ್ದೆ ಅಂತ ಆಣೆ ಮಾಡೋರು. ಒಂದು ವಾರ ಚೆನ್ನಾಗಿರೋರು, ಇನ್ನೊಂದು ವಾರ ಇಲ್ಲ. ಆ ಚೆನ್ನಾಗಿದ್ದ ವಾರಗಳೇ ನಮ್ಮನ್ನ ಆಟ ಆಡಿಸಿದ್ದು ಅಂತಾಳೆ ಇವಳು. ಈಗ ಮಗಳ ಹೆಸರೇ ನೆನಪಿಲ್ಲ ಅವರಿಗೆ. ಇದೂ ಹಾಗೇ ಶುರುವಾಗಿದೆ ಅಂತ ಅವಳ ತಲೇಲಿ ಕೂತುಬಿಟ್ಟಿದೆ. ಔಷಧಿ ಕೆಲಸ ನೋಡು, ನನ್ನ ತಪ್ಪು ಸಹಿಯಿಂದ ಯಾರದ್ದಾದ್ರೂ ಮಗು ಸತ್ರೆ ಅಂತ ನಿನ್ನೆ ಇಲ್ಲೇ ಕೂತು ಅತ್ಲು."

ವೈರು ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಕಡತವನ್ನು ಪರದೆಗೆ ತಂದ. ಅಳಿಸಿಬಿಟ್ಟರೆ ಮುಗಿಯಿತು, ಒಂದು ಕ್ಷಣದ ಕೆಲಸ. ಮಧ್ಯಾಹ್ನದಿಂದ 'ಡಿ' ತನ್ನ ಪಾಡಿಗೆ ಮುಂದಕ್ಕೆ ಹೋಗುತ್ತದೆ. ಇನ್ನೊಬ್ಬರ ಫೋಲ್ಡರಿಗೆ ಕೈಹಾಕಿದವನನ್ನು ಅವತ್ತೇ ಗೇಟಿನಾಚೆ ನಿಲ್ಲಿಸುತ್ತಾರೆ ಅನ್ನುವುದು ಇಲ್ಲಿನ ಮೊದಲ ನಿಯಮ. ಯಾರಿಗೂ ತಿಳಿಯುವುದಿಲ್ಲ. ಅವಳಿಗೂ.

ಬೆರಳು ಅಳಿಸುವ ಕೀ ಮೇಲೆ ಕೂತಿತು.

ಆಮೇಲೆ? ಅವಳು ಮಧ್ಯಾಹ್ನ ಒತ್ತುತ್ತಾಳೆ. ಸರಿಯಾಗಿ ಹೋಗುತ್ತದೆ. ಅವಳು ನಗುತ್ತಾಳಾ? ಇಲ್ಲ. 'ಚೆನ್ನಾಗಿರುವ ವಾರ ಬಂತು' ಅಂದುಕೊಳ್ಳುತ್ತಾಳೆ. ಮುಂದಿನ ಕೆಟ್ಟ ವಾರಕ್ಕೆ ಕಾಯುತ್ತಾಳೆ. ಸಾಯುವವರೆಗೂ ಪ್ರತಿ ಸಲ ಬೀಗ ತಿರುಗಿಸುವಾಗಲೂ ಕಾಯುತ್ತಾಳೆ. ಈ ಎಂಟು ಸಾಲು ಅಳಿಸಿದರೆ ಅವಳ ತಲೆ ಕೆಟ್ಟಿಲ್ಲ ಅನ್ನುವುದಕ್ಕೆ ಇರುವ ಒಂದೇ ಸಾಕ್ಷಿಯೂ ಅಳಿಸಿಹೋಗುತ್ತದೆ.

ವೈರು ಕೈ ತೆಗೆದ. ಜೀವಮಾನದಲ್ಲಿ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡಿದ್ದ, ಮೇಷ್ಟ್ರ ಮೇಲೆ, ಇಂಜಿನಿಯರುಗಳ ಮೇಲೆ, ಕುರ್ಚಿಗಳ ಮೇಲೆ. ಮೊದಲ ಸಲ ಆ ಸಿಟ್ಟು ತನ್ನ ಕಡೆಗೆ ತಿರುಗಿತು. ಕೇಳಿದ್ದರೆ ಸಾಕಿತ್ತಲ್ಲ. 'ಯಾವ ಕೀ ಒತ್ತುತ್ತೀರಿ ಮೇಡಂ?' ಒಂದೇ ಒಂದು ಮಾತು. ಏಣಿ ಮೇಲಿಂದ ಕಂಡಿದ್ದೇ ಸತ್ಯ ಅಂದುಕೊಂಡ. ತನ್ನ ನೋಟ್ ಬುಕ್ಕನ್ನು ತೆರೆದೂ ನೋಡದೆ ಎಸೆದ ಮೇಷ್ಟ್ರಿಗೂ ತನಗೂ ಏನು ವ್ಯತ್ಯಾಸ?

ಹೇಗೆ ಹೇಳುವುದೆಂದು ಮಾತು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳು ಮೆಟ್ಟಿಲಲ್ಲಿ ಸಿಕ್ಕಳು. ಎಡಗೈಯಲ್ಲಿ ಮಡಿಚಿದ ಕಾಗದ.

"ದಾರಿ ಬಿಡಿ."

"ಬಿಡಲ್ಲ."

"ಇವತ್ತು ತಮಾಷೆಗೆ ನನ್ನ ಹತ್ರ ಶಕ್ತಿ ಇಲ್ಲ ವೈರು."

"ನಿಮ್ಮ ತಲೆ ಸರಿಯಾಗೇ ಇದೆ. ಕೀ ಬದಲಾಯಿಸಿದ್ದು ನಾನು."

ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದ. ಅವಳು ಮರುಕದಿಂದ ನೋಡಿದಳು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಸ್ಟೋರಕ್ಕ ಹೇಳಿದ್ರಾ? ನಿಮ್ಮ ಮನಸ್ಸು ಒಳ್ಳೇದು. ಆದ್ರೆ ಇದೆಲ್ಲ ನಂಗೆ ಗೊತ್ತು. ನಾವೂ ಅಮ್ಮಂಗೆ ಹೀಗೇ ಹೇಳ್ತಿದ್ವಿ. ನೀನು ಸರಿಯಾಗೇ ತಿರುಗಿಸ್ದೆ ಅಮ್ಮ, ಬೀಗಾನೇ ಕೆಟ್ಟಿದೆ ಅಂತ. ಆಗ ಎಷ್ಟು ಖುಷಿಪಡ್ತಿದ್ಲು ಗೊತ್ತಾ?" ಕಾಗದವನ್ನು ಬಿಗಿಹಿಡಿದಳು. "ನಂಗೆ ಆ ಖುಷಿ ಬೇಡ."

ವೈರುವಿಗೆ ಈಗ ನಿಜವಾದ ಭಯ ಹುಟ್ಟಿತು. ಹೇಳಿದರೆ ಕೆಲಸ ಹೋಗಬಹುದು, ಅವಳು ಉಗಿಯಬಹುದು, ಇದನ್ನೆಲ್ಲ ಯೋಚಿಸಿದ್ದ. ಸತ್ಯ ಹೇಳಿದರೂ ನಂಬದೆ ಹೋಗಬಹುದು ಅನ್ನುವುದು ಹೊಳೆದಿರಲಿಲ್ಲ.

"ಹತ್ತು ನಿಮಿಷ ಕೊಡಿ. ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣು ನಂಬಿ. ಅದಿನ್ನೂ ಹದ್ದಿನ ಕಣ್ಣೇ ತಾನೇ?"

ಅವಳು ಬಂದಳು. ತನ್ನ ಕುರ್ಚಿಯಲ್ಲಿ ಕೂತಳು. ವೈರು ಪಕ್ಕದಲ್ಲಿ ಮಂಡಿಯೂರಿ, ಕಡತ ತೆರೆದು ಕೊಟ್ಟ. ತೆರೆದವನೇ ಪರದೆಯ ಮೇಲ್ತುದಿಗೆ ಅಂಗೈ ಅಡ್ಡ ಹಿಡಿದ.

"ಮೂರನೇ ಸಾಲು ಓದಿ. ಜೋರಾಗಿ."

"ಡಿ. ಹಿಂದಕ್ಕೆ." ಅವಳು ಪರದೆಗೆ ಬಾಗಿದಳು. "ಡಿ ಅಂದ್ರೆ ಹಿಂದಕ್ಕೆ..."

"ಈ ಕಡತ ಹುಟ್ಟಿದ ಹೊತ್ತು ನೋಡಿ."

"ಸೋಮವಾರ. ಏಳು ಹತ್ತು."

"ಆಗ ನೀವೆಲ್ಲಿದ್ರಿ?"

"ಅಮ್ಮಂಗೆ ತಲೆ ಬಾಚ್ತಿದ್ದೆ."

"ಇದು ನಿಮ್ಮ ಫೋಲ್ಡರಲ್ಲಿ ಮಾತ್ರ ಇರೋದು. ಅದಕ್ಕೇ ಅಕ್ಕ ತನ್ನ ಹೆಸರಲ್ಲಿ ಒತ್ತಿದಾಗ ಸರಿಯಾಗಿ ಹೋಯ್ತು. ಈಗ ಆ ಸಾಲನ್ನ ನೀವೇ ಅಳಿಸಿ. ನಾನು ಮುಟ್ಟಲ್ಲ."

ಅವಳು ಅಳಿಸಿದಳು. ಕಡತ ಉಳಿಸಿ, ಒಂಬತ್ತನೇ ಕೋಣೆಯ ಲಾಗ್ ತೆರೆದಳು. ಮಧ್ಯದ ಬೆರಳು 'ಡಿ' ಮೇಲೆ ಬಂದು ಗಾಳಿಯಲ್ಲೇ ನಿಂತಿತು. ಬಾವಿಯ ಕಟ್ಟೆಯ ತುದಿಗೆ ನಿಂತವರ ಕಾಲಿನ ಹಾಗೆ.

ಒತ್ತಿದಳು.

ಪುಟ ಮುಂದಕ್ಕೆ ಹೋಯಿತು.

"ಹತ್ತು ಗಂಟೆ ಹದಿನೇಳು ನಿಮಿಷ. ನಾಲ್ಕು ಡಿಗ್ರಿ," ಎಂದು ಪಿಸುಗುಟ್ಟಿದಳು. "ಈ ಸಾಲು ನಾನು ಓದಿಲ್ಲ. ಇದು ಹೊಸದು." ಮತ್ತೆ ಒತ್ತಿದಳು. ಹೊಸದು. ಮತ್ತೆ. ಹೊಸದು. ಡಿ, ಡಿ, ಡಿ, ಡಿ. ಸಾಲುಗಳು ಮೇಲಕ್ಕೆ ಹರಿದು ಹೋಗುತ್ತಿದ್ದವು, ಅವಳ ಕೆನ್ನೆಯ ಮೇಲೆ ನೀರು ಕೆಳಕ್ಕೆ.

ಆಮೇಲೆ ಅವಳು ತಿರುಗಿ, ಅದೇ ಎಡಗೈಯಿಂದ, ಅವನ ಭುಜಕ್ಕೆ ಬಾರಿಸಿದಳು. ಏಟು ಸಣ್ಣದೇನೂ ಆಗಿರಲಿಲ್ಲ.

"ಮೂರು ದಿನ! ಮೂರು ದಿನ ಕಣೋ! ನೋಡಿಲ್ಲಿ!" ಬ್ಯಾಗಿನಿಂದ ಒಂದು ಚೀಟಿ ತೆಗೆದು ಅವನ ಮುಖಕ್ಕೆ ಹಿಡಿದಳು. ಎಡಗೈಯ ಸೊಟ್ಟ ಅಕ್ಷರದಲ್ಲಿ ಅವಳ ಹೆಸರು, ಮನೆಯ ವಿಳಾಸ, ಸ್ಟೋರಕ್ಕನ ಫೋನ್ ನಂಬರ್. "ದಾರೀಲಿ ಮರೆತು ನಿಂತುಬಿಟ್ರೆ ಯಾರಾದ್ರೂ ಮನೆ ಸೇರಿಸಲಿ ಅಂತ ಬರೆದಿಟ್ಟುಕೊಂಡೆ. ನನ್ನ ಹೆಸರು ನಾನೇ! ಯಾವ ಹಕ್ಕಿತ್ತು ನಿಂಗೆ?"

ವೈರು ಆ ಚೀಟಿಯನ್ನು ಕೊನೆಯವರೆಗೂ ಓದಿದ. ಬೈಗುಳದ ಭರದಲ್ಲಿ 'ನೀವು' ಹೋಗಿ 'ನೀನು' ಬಂದದ್ದನ್ನು ಅವನ ಕಿವಿ ಗಮನಿಸಿತ್ತು. ಆದರೆ ಅದಕ್ಕೆ ಖುಷಿಪಡುವ ಧೈರ್ಯ ಅವನಿಗಿರಲಿಲ್ಲ.

"ಯಾವ ಹಕ್ಕೂ ಇರಲಿಲ್ಲ. ನೀವು ಆ ಕಡೆಗೆ ಕೈ ಚಾಚೋದು ನೋಡಕ್ಕಾಗ್ತಿರಲಿಲ್ಲ. ಅಷ್ಟೇ."

"ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ... ಯಾಕೆ ನನ್ನ ಕೈ ನೋಡ್ತಿದ್ದೆ ಅಂತ ನೀವು ಕೇಳ್ತಿದ್ರಿ."

ಅವಳು ಮೂಗು ಒರೆಸಿಕೊಂಡಳು. ಕಣ್ಣು ಮೆಲ್ಲಗೆ ಪರದೆಗೆ ಹೋಯಿತು. ಆ ಕಡತವನ್ನು ಮತ್ತೆ ತೆರೆದಳು. ವೈರುವಿನ ಅಂಗೈ ತಟಕ್ಕನೆ ಮತ್ತೆ ಮೇಲ್ತುದಿಗೆ ಹಾರಿತು.

"ಅಲ್ಲೇನಿದೆ?"

"ಏನಿಲ್ಲ. ಧೂಳು."

"ಕೈ ತೆಗಿ."

"ಮೇಡಂ, ಅದು ಯಂತ್ರ ಓದದ ಸಾಲು. ಮುಂದೆ ಒಂದು ಗುರುತು ಹಾಕಿದ್ರೆ ಅದನ್ನ ಪ್ರೋಗ್ರಾಂ ಬಿಟ್ಟು ಮುಂದೆ ಹೋಗುತ್ತೆ. ನೀವೂ ಬಿಟ್ಟುಬಿಡಿ."

"ನಾನು ಯಾವತ್ತಾದ್ರೂ ಸಾಲು ಬಿಟ್ಟಿದ್ದೀನಾ? ತೆಗಿ."

ತೆಗೆದ. ಇಂಗ್ಲಿಷ್ ಅಕ್ಷರದಲ್ಲಿ ತಮ್ಮದೇ ಮಾತಿನಲ್ಲಿ ಬರೆದ ಒಂದು ಸಾಲು ಅಲ್ಲಿತ್ತು. ಹದ್ದು ಅದನ್ನು ಲಾಗ್ ಓದುವಷ್ಟೇ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದಳು.

"ಈ ಕೈ ನೋಯಬಾರದು. ಇನ್ನು ಯಾವತ್ತೂ."

ತಣ್ಣನೆಯ ಕೋಣೆಗಳ ಮೋಟರುಗಳ ಗುಂಯ್‌ಗುಡುವಿಕೆ ಕೇಳುತ್ತಿತ್ತು. ವೈರು ನೆಲದ ಕಲ್ಲುಗಳನ್ನು ಎಣಿಸುತ್ತಿದ್ದ. ಅವಳು ನಕ್ಕರೆ ಇಲ್ಲೇ ಮುಗಿದುಹೋಗುತ್ತೇನೆ ಅನ್ನಿಸಿತು.

"ಇನ್ನೂ ಯಾರ್ಯಾರ ಕೈ ನೋಡ್ತೀಯಾ ಏಣಿ ಮೇಲಿಂದ?"

"ಯಾರದ್ದೂ ಇಲ್ಲ."

"ಸ್ಟೋರಕ್ಕನದು?"

"ಅಕ್ಕನ ಕೈ ಕಂಡರೆ ಭಯ."

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಮತ್ತೆ ಗಂಭೀರವಾಯಿತು. "ಸಾಹೇಬ್ರಿಗೆ ನೀನೇ ಹೋಗಿ ಹೇಳ್ಬೇಕು. ನಿನ್ನ ಪರವಾಗಿ ನಾನು ಸುಳ್ಳು ಹೇಳಲ್ಲ."

"ಹೇಳ್ತೀನಿ."

"ಕೆಲಸ ಹೋದ್ರೆ?"

"ಹೋಗಲಿ. ನಿಮ್ಮದು ಉಳೀತಲ್ಲ."

ಸಾಹೇಬರ ಕೋಣೆಯೊಳಗೆ ಅವನು ಹತ್ತು ನಿಮಿಷ ನಿಂತೇ ಇದ್ದ. ಅಷ್ಟೂ ಹೊತ್ತು ಬೈಗುಳ. ಮೊದಲಾಗಿದ್ದರೆ ಎರಡನೇ ಮಾತಿಗೇ ತಿರುಗಿ ಬೀಳುತ್ತಿದ್ದ. ಈಗ ತಲೆ ತಗ್ಗಿಸಿ ಕೇಳಿದ, ಯಾಕೆಂದರೆ ಮೊದಲ ಸಲ ಬೈಗುಳದಲ್ಲಿ ನಿಜವಿತ್ತು. "ಇವತ್ತೇ ಜಾಗ ಖಾಲಿ ಮಾಡು" ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

"ಸರ್, ಆ ಫೋಲ್ಡರ್ ನಂದು," ಅಂದಳು ಹದ್ದು. "ದೂರು ಕೊಡಬೇಕಾದವಳು ನಾನು. ಕೊಡಲ್ಲ. ಭಯದಲ್ಲಿ ಒಂದೊಂದು ಲಾಗನ್ನೂ ಮೂರು ಮೂರು ಸಲ ಓದಿದೀನಿ. ಮಂಗಳವಾರ ಆರನೇ ಕೋಣೆ ಬಾಗಿಲು ಇಪ್ಪತ್ತು ನಿಮಿಷ ಸರಿಯಾಗಿ ಮುಚ್ಚಿರಲಿಲ್ಲ. ಅದನ್ನೂ ಬರೆದಿಟ್ಟಿದೀನಿ, ನೋಡಿ."

ಸಾಹೇಬರು ಅವಳನ್ನೂ ಅವನನ್ನೂ ಹಾಳೆಯನ್ನೂ ನೋಡಿದರು. ಸರ್ವರ್ ಕೋಣೆಯ ಬೀಗದ ಕೈಯನ್ನು ಅವನಿಂದ ಕಿತ್ತುಕೊಂಡು, "ಇನ್ನು ಮೇಲೆ ಇದು ಸ್ಟೋರಿನವಳ ಹತ್ರ ಇರುತ್ತೆ, ಅವಳನ್ನ ಕೇಳಿ ಒಳಗೆ ಹೋಗು" ಅಂದರು. ಅದಕ್ಕಿಂತ ಘೋರ ಶಿಕ್ಷೆ ಆ ಗೋದಾಮಿನಲ್ಲಿ ಇರಲಿಲ್ಲ.

ಮೇಜಿಗೆ ಮರಳಿ ಅವಳು ರಾಜೀನಾಮೆಯನ್ನು ನಾಲ್ಕು ಚೂರು ಮಾಡಿದಳು. ಒಂದು ಕೈಯಲ್ಲಿ ಹರಿಯಲಾಗದ್ದರಿಂದ ಇನ್ನೊಂದು ತುದಿಯನ್ನು ಅವನೇ ಹಿಡಿದ.

"ಈಗ ಕೇಳು," ಅಂದಳು.

"ಏನು?"

"ಸೋಮವಾರ ಕೇಳ್ಬೇಕಾಗಿದ್ದನ್ನ."

ವೈರು ಗಂಟಲು ಸರಿಮಾಡಿಕೊಂಡ. "ಮೇಡಂ, ನಿಮ್ಮ ಕೀಗಳನ್ನ ಬದಲಾಯಿಸ್ಲಾ?"

"ಡಿ ಮುಟ್ಟಬೇಡ. ಅದು ನಂದು, ನಾನು ಹುಡುಕಿದ್ದು. ಉಳಿದಿದ್ದು ಒಂದೊಂದೇ ಕೇಳು."

ಒಂದೊಂದೇ ಕೇಳಿದ. ಹಿಂದಕ್ಕೆ ಯಾವುದು? ಎ ಬೇಡ, ಎಸ್. ಮೊದಲ ಸಾಲಿಗೆ? ಡಬ್ಲ್ಯೂ. ಬಿಸಿಯಾದ ಸಾಲನ್ನು ಹುಡುಕುವುದಕ್ಕೆ? ಈ. ಅವನು ಹೇಳಿದ್ದಕ್ಕೆಲ್ಲ ಅವಳು ಬೇಕೆಂದೇ ಒಮ್ಮೆ ಬೇಡ ಅಂದು, ಆಮೇಲೆ ಹೂಂ ಅನ್ನುತ್ತಿದ್ದಳು. ಕಡೆಗೆ ಕೀಬೋರ್ಡಿನಿಂದ ಕಣ್ಣೆತ್ತದೆ, ಮೆಲ್ಲಗೆ ಅಂದಳು:

"ಈ ಸಲ ನೀನಾಗಿದ್ದೆ. ನಾಳೆ ನಿಜವಾಗ್ಲೂ ಬಂದ್ರೆ? ಅಮ್ಮಂಗೆ ಬಂದ ಹಾಗೆ?"

ಬರುವುದಿಲ್ಲ ಅನ್ನಲು ಬಾಯಿ ತೆರೆದ. ಅವಳು ನೋಡಿದಳು. ಬಾಯಿ ಮುಚ್ಚಿದ.

"ಬೀಗ ಕೆಟ್ಟಿದೆ ಅಂತ ಹೇಳಲ್ಲ," ಅಂದ. "ಪಕ್ಕದಲ್ಲಿ ಕೂತಿರ್ತೀನಿ. ಓದಿದ್ದನ್ನೇ ಓದಿದ್ರೂ ಜೊತೇಲಿ ಓದ್ತೀನಿ."

ಅವಳು ಕೀಬೋರ್ಡನ್ನು ಅವನ ಕಡೆಗೆ ಸರಿಸಿದಳು. ಆಮೇಲೆ, "ನಿನ್ನ ಹೆಸರಲ್ಲಿ ಲಾಗಿನ್ ಆಗು. ನಿನ್ನ ಕಡತಕ್ಕೆ ಒಂದು ಸಾಲು ಹಾಕ್ಲಾ?" ಅಂದಳು.

"ಅದಕ್ಕೆಲ್ಲ ಕೇಳ್ಬೇಕಾ?"

"ಕೇಳ್ಲೇಬೇಕು. ಆ ಕಡೆ ತಿರುಗು."

ವೈರು ಗೋಡೆಗೆ ಮುಖಮಾಡಿ ನಿಂತ. ಹಿಂದೆ ಒಂದೇ ಕೈ ಟೈಪು ಮಾಡುತ್ತಿತ್ತು. ಟಕ್, ಟಕ್, ಬಿಡುವು, ಟಕ್. ಸೂರಿನ ಅಂಚಿನಲ್ಲಿ ಹಗ್ಗವಿಲ್ಲದೆ ನಡೆದಾಗಲೂ ಇಷ್ಟು ಹೆದರಿರಲಿಲ್ಲ.

"ಹೂಂ, ನೋಡು."

ಎಲ್ಲಕ್ಕಿಂತ ಮೇಲೆ, ಯಂತ್ರ ಬಿಟ್ಟು ಮುಂದೆ ಹೋಗುವ ಆ ಗುರುತಿನ ಪಕ್ಕದಲ್ಲಿ, ಅವಳು ಬರೆದಿದ್ದಳು:

'ಭಾನುವಾರ ಮನೆಗೆ ಬಾ. ಅಮ್ಮ ನಿನ್ನ ಹೆಸರನ್ನು ಹತ್ತು ಸಲ ಕೇಳುತ್ತಾಳೆ. ಹತ್ತು ಸಲವೂ ಹೊಸದಾಗಿ ಹೇಳಬೇಕು.'

ವೈರು ಓದಿದ. ಕಣ್ಣು ಮಂಜಾಯಿತು. ಒರೆಸಿಕೊಂಡು, ಮತ್ತೆ ಮೊದಲಿನಿಂದ ಅದೇ ಸಾಲನ್ನು ಓದಿದ.